ಲಿಂಗವನ್ನು ತೆಗೆದಿಡಬೇಕಾದ ಹೊತ್ತು

ಲಿಂಗಾಯತ ಮನೆಯಲ್ಲಿ ಹುಟ್ಟಿದ ಮಗುವಿಗೆ ದೇವರು ಎಂಬ ಮಾತು ತಿಳಿಯುವ ಎಷ್ಟೋ ಮೊದಲೇ ಇಷ್ಟಲಿಂಗ ಅದರ ಮೈಮೇಲೆ ಬಂದಿರುತ್ತದೆ. ಕೂಸು ಇನ್ನೂ ಗರ್ಭದಲ್ಲಿರುವಾಗಲೇ ಅದರ ಹೆಸರಿನಲ್ಲಿ ತಾಯಿಗೆ ಲಿಂಗಧಾರಣೆ ಮಾಡಿಸುವ ಪದ್ಧತಿ ಹಲವು ಮನೆಗಳಲ್ಲಿದೆ. ಹುಟ್ಟಿದ ಮೇಲೆ ಜಂಗಮರು ಬಂದು ವಿಭೂತಿ ಹಚ್ಚಿ ಲಿಂಗ ಕಟ್ಟುತ್ತಾರೆ, ತಿಳಿವಳಿಕೆ ಬಂದಾಗ ಗುರುವಿನಿಂದ ದೀಕ್ಷೆಯಾಗುತ್ತದೆ, ಕೊನೆಗೆ ದೇಹವನ್ನು ಕುಳಿತ ಭಂಗಿಯಲ್ಲಿ ಸಮಾಧಿ ಮಾಡುವಾಗ ಅದೇ ಲಿಂಗವನ್ನು ಎಡಗೈಯಲ್ಲಿರಿಸಿ ಮಣ್ಣು ಕೊಡುತ್ತಾರೆ. ಗಂಡಿಗೂ ಹೆಣ್ಣಿಗೂ ಇದರಲ್ಲಿ ಭೇದವಿಲ್ಲ. ಹೆರಿಗೆ, ಸಾವು, ಮುಟ್ಟು ಎಂದು ಲೋಕ ಸೂತಕ ಹಿಡಿಯುವ ದಿನಗಳಲ್ಲಿಯೂ ಲಿಂಗ ದೇಹವನ್ನು ಬಿಟ್ಟಿರುವುದಿಲ್ಲ. ಉಳಿದವರು ದೂರ ಕೂರಿಸುವ ದಿನಗಳಲ್ಲಿಯೂ ದೇವರು ದೂರ ಸರಿಯುವುದಿಲ್ಲ ಎಂಬ ಈ ಒಂದು ಸಂಗತಿಯನ್ನು ಹನ್ನೆರಡನೆಯ ಶತಮಾನದಲ್ಲಿಯೇ ಹೆಣ್ಣುಮಕ್ಕಳಿಗೆ ಕೊಟ್ಟುಹೋದ ಶರಣರನ್ನು ನೆನೆದಾಗಲೆಲ್ಲ ನನ್ನ ಮನಸ್ಸು ತುಂಬಿಬರುತ್ತದೆ.

ದೇವರ ನಿತ್ಯ ಸಾನ್ನಿಧ್ಯವೆಂದರೇನು ಎಂಬುದನ್ನು ನಾನು ಕಲಿತದ್ದು ಉಪನ್ಯಾಸಗಳಿಂದಲ್ಲ, ಕೊರಳಲ್ಲಿರುವ ಈ ಲಿಂಗದಿಂದ. ಜಗತ್ತಿನಷ್ಟು, ಮುಗಿಲಿನಷ್ಟು, ಅದಕ್ಕೂ ಮಿಗಿಲಾಗಿ ಹರಡಿಕೊಂಡವನು ತನ್ನ ಅಂಗೈಯಲ್ಲಿ ಹಿಡಿಯುವಷ್ಟಾಗಿ ಬಂದು ಕುಳಿತಿದ್ದಾನೆ ಎಂದು ಬಸವಣ್ಣನವರು ಬೆರಗಿನಿಂದ ಹೇಳಿದ್ದುಂಟು. ಗುಡಿಯಲ್ಲಿರುವ ದೇವರನ್ನು ಕಾಣಲು ಬಾಗಿಲು ತೆರೆಯಬೇಕು, ಅರ್ಚಕ ಬರಬೇಕು, ಒಳಗೆ ಬಿಡುವವರು ಬಿಡಬೇಕು. ಆ ಕಾಲದಲ್ಲಿ ಹಾಗೆ ಒಳಗೆ ಬಿಡದೆ ಉಳಿದವರೇ ಹೆಚ್ಚು. ಅಂಥವರಲ್ಲಿ ಚಮ್ಮಾರರು, ಮಡಿವಾಳರು, ಅಂಬಿಗರು, ಹಗ್ಗ ಹೊಸೆಯುವವರು ಕಲ್ಯಾಣಕ್ಕೆ ಬಂದು ಲಿಂಗವನ್ನು ಕಟ್ಟಿಕೊಂಡು ಹೋದರು. ಆಮೇಲೆ ಅವರ ಮತ್ತು ದೇವರ ನಡುವೆ ಬಾಗಿಲೆಂಬುದೇ ಉಳಿಯಲಿಲ್ಲ. ಇದನ್ನು ಸಾಮಾಜಿಕ ಕ್ರಾಂತಿಯೆಂದು ವಿವರಿಸುವವರು ಬಹಳ ಮಂದಿ ಇದ್ದಾರೆ, ಅವರು ಹೇಳುವುದು ನಿಜವೂ ಹೌದು. ಆದರೆ ಹಾಗೆ ಲಿಂಗ ಕಟ್ಟಿಕೊಂಡು ಮನೆಗೆ ಮರಳಿದ ಒಬ್ಬ ಮನುಷ್ಯನ ಆ ರಾತ್ರಿಯ ನಿದ್ರೆ ಹೇಗಿದ್ದಿರಬಹುದು ಎಂಬುದನ್ನು ಕುರಿತು ನಾವು ಅಷ್ಟಾಗಿ ಯೋಚಿಸುವುದಿಲ್ಲ.

ಲಿಂಗಪೂಜೆ ಹೊರಗಿನಿಂದ ನೋಡಲು ಬಹಳ ಸರಳ. ಸ್ನಾನ ಮಾಡಿ, ವಿಭೂತಿ ಧರಿಸಿ, ಕರಡಿಗೆಯಿಂದ ಲಿಂಗವನ್ನು ತೆಗೆದು ಎಡ ಅಂಗೈಯ ಮೇಲಿಟ್ಟು, ನೀರೆರೆದು, ಪತ್ರೆ ಹೂ ಏರಿಸಿ, ಅದನ್ನು ಕಣ್ಣ ನೇರಕ್ಕೆ ಹಿಡಿದು ನೋಡುತ್ತ ಕೂರುವುದು. ಲಿಂಗಕ್ಕೆ ಕರಿಯ ನುಣುಪಾದ ಲೇಪವಿರುವುದರಿಂದ ಎದುರಿಗಿಟ್ಟ ದೀಪದ ಬೆಳಕು ಅದರ ಮೇಲೆ ಒಂದು ಚುಕ್ಕೆಯಾಗಿ ನಿಲ್ಲುತ್ತದೆ; ದೃಷ್ಟಿಯನ್ನು ಆ ಚುಕ್ಕೆಯಲ್ಲಿ ನಿಲ್ಲಿಸುತ್ತ ಹೋದಂತೆ ಉಸಿರು ತಾನಾಗಿ ನಿಧಾನವಾಗುತ್ತದೆ, ಕೈ ನಡುಗುತ್ತಿದ್ದರೆ ಬೆಳಕಿನ ನಡುಕದಲ್ಲಿ ಅದು ಕೂಡಲೇ ಗೊತ್ತಾಗುತ್ತದೆ. ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು (1907–2019) ನೂರು ದಾಟಿದ ವಯಸ್ಸಿನಲ್ಲಿಯೂ ನಸುಕಿನಲ್ಲೆದ್ದು ಲಿಂಗಪೂಜೆಗೆ ಕೂರುತ್ತಿದ್ದರು, ಅದು ಮುಗಿದ ಮೇಲೆ ಸಾವಿರಾರು ಮಕ್ಕಳ ಅನ್ನ, ಅಕ್ಷರಗಳ ಹೊಣೆಯನ್ನು ನೋಡಿಕೊಳ್ಳುತ್ತಿದ್ದರು. ನನ್ನಂಥ ಗೃಹಿಣಿಗೆ ಸಿಗುವ ಹೊತ್ತು ಕಡಿಮೆ. ಕುಕ್ಕರಿನ ಕೂಗು, ಶಾಲೆಯ ವ್ಯಾನು, ಅತ್ತೆಯವರ ಮಾತ್ರೆ ಇವುಗಳ ನಡುವೆ ಕೂತೆದ್ದ ದಿನಗಳೇ ಬಹಳ. ಪೂಜೆ ಮುಗಿದ ಮೇಲೂ ಚಿಂತೆಗಳು ಇದ್ದಲ್ಲಿಯೇ ಇರುತ್ತಿದ್ದವು. ಆದರೆ ಅವುಗಳ ಎದುರಿಗೆ ನಾನು ಒಬ್ಬಳೇ ನಿಂತಿಲ್ಲ ಎಂಬ ಅರಿವು ನನಗೇ ತಿಳಿಯದಂತೆ ವರ್ಷಗಳಿಂದ ಒಳಗೆ ಕೂಡಿಕೊಳ್ಳುತ್ತ ಬಂದಿತ್ತು. ಒಕ್ಕಲಿಗರು ಸುಗ್ಗಿಯ ಜೋಳವನ್ನು ನೆಲದೊಳಗಿನ ಹಗೆಯಲ್ಲಿ ತುಂಬಿಡುತ್ತಾರಲ್ಲ, ಹಾಗೆ.

ಅದು ಬೇಕಾದ ಕಾಲ ಬಂದದ್ದು ನನಗೆ ಶಸ್ತ್ರಚಿಕಿತ್ಸೆಯಾಗಬೇಕೆಂದು ವೈದ್ಯರು ಹೇಳಿದಾಗ. ಗಡ್ಡೆಯನ್ನು ತೆಗೆದು ಪರೀಕ್ಷೆಗೆ ಕಳಿಸಿದ ಮೇಲಷ್ಟೇ ಅದು ಎಂಥದೆಂದು ಹೇಳಲು ಸಾಧ್ಯ ಎಂದಿದ್ದರು. ಶಸ್ತ್ರಚಿಕಿತ್ಸೆಯ ಬೆಳಿಗ್ಗೆ ನರ್ಸ್ ಬಂದು ಬಳೆ, ಓಲೆ, ತಾಳಿಯ ಜೊತೆಗೆ ಕೊರಳಿನ ಕರಡಿಗೆಯನ್ನೂ ತೆಗೆಯಬೇಕೆಂದು ಸೌಜನ್ಯದಿಂದಲೇ ಹೇಳಿದಳು. ಒಳಗೆ ಲೋಹವಿರಬಾರದು, ದಾರವಿರಬಾರದು. ಆ ನಿಯಮ ನನ್ನ ಒಳ್ಳೆಯದಕ್ಕಾಗಿಯೇ ಇದೆ ಎಂಬುದು ನನಗೂ ಗೊತ್ತಿತ್ತು. ಆದರೂ ಬಳೆ ತೆಗೆಯುವಾಗ ಆಗದ ಸಂಕಟ ಶಿವದಾರಕ್ಕೆ ಕೈ ಹಾಕಿದಾಗ ಆಯಿತು. ಲಿಂಗ ಕಳೆದುಹೋದರೆ ಪ್ರಾಣವನ್ನೇ ಬಿಡಬೇಕು ಎಂಬ ಕಟ್ಟುನಿಟ್ಟಿನ ನಂಬಿಕೆ ನಮ್ಮವರಲ್ಲಿ ಹಿಂದೆ ಇತ್ತು, ನಮ್ಮ ಆಯಿ ಅಂಥ ಮಾತುಗಳ ನಡುವೆಯೇ ಬೆಳೆದವಳು. ಎಲ್ಲಕ್ಕಿಂತ ಹೆಚ್ಚಾಗಿ ದೇವರು ಜೊತೆಗಿರಬೇಕಾದ ಗಳಿಗೆಯಲ್ಲಿಯೇ ಆತನನ್ನು ತೆಗೆದು ಇನ್ನೊಬ್ಬರ ಕೈಯಲ್ಲಿಡಬೇಕಾಗಿ ಬಂದುದನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕೆಂದು ನನಗೆ ತೋಚಲಿಲ್ಲ. ತಂಗಿ ಬಿಳಿಯ ವಸ್ತ್ರವನ್ನು ಹಾಸಿ ಎರಡೂ ಕೈಯಲ್ಲಿ ಅದನ್ನು ತೆಗೆದುಕೊಂಡಳು.

ಗಾಲಿಮಂಚದ ಮೇಲೆ ಮಲಗಿಸಿ ಒಳಗೆ ಒಯ್ಯುವಾಗ ನನಗೆ ನೆನಪಾದದ್ದು ನುಲಿಯ ಚಂದಯ್ಯನವರ ಕಥೆ. ಹಗ್ಗ ಹೊಸೆದು ಮಾರಿ ಬಂದುದರಿಂದ ಜಂಗಮ ದಾಸೋಹ ಮಾಡುತ್ತಿದ್ದ ಆ ಶರಣರು ಒಮ್ಮೆ ಕೆರೆಯಲ್ಲಿ ಹುಲ್ಲು ಕೊಯ್ಯುತ್ತಿದ್ದಾಗ ಇಷ್ಟಲಿಂಗ ಜಾರಿ ನೀರಿಗೆ ಬಿದ್ದಿತಂತೆ. ಅವರು ಕಾಯಕ ಬಿಟ್ಟು ಅದನ್ನು ಹುಡುಕುತ್ತ ನಿಲ್ಲಲಿಲ್ಲ. ಹುಲ್ಲಿನ ಹೊರೆ ಹೊತ್ತು ಹೊರಟುಬಿಟ್ಟರು. ಆಗ ಲಿಂಗವೇ ಹಿಂದೆ ಹಿಂದೆ ಬಂದು ತನ್ನನ್ನು ತೆಗೆದುಕೊಳ್ಳಬೇಕೆಂದು ಬೇಡಿಕೊಂಡಿತು, ಕೊನೆಗೆ ಮಡಿವಾಳ ಮಾಚಯ್ಯನವರು ನಡುವೆ ಬಂದು ಒಪ್ಪಿಸಬೇಕಾಯಿತು ಎಂದು ಕಥೆ ಮುಂದುವರಿಯುತ್ತದೆ. ಕಾಯಕದ ಹಿರಿಮೆಯನ್ನು ಹೇಳಲು ಇದನ್ನು ಸಾಮಾನ್ಯವಾಗಿ ಬಳಸುತ್ತಾರೆ. ಆ ದಿನ ನನಗೆ ಅದರಲ್ಲಿ ಬೇರೆಯದೇ ಕಂಡಿತು. ಇಷ್ಟು ವರ್ಷ ನಾನೇ ಲಿಂಗವನ್ನು ಹಿಡಿದುಕೊಂಡಿದ್ದೇನೆ, ಕೈ ಸಡಿಲವಾದರೆ ಸಂಬಂಧ ತಪ್ಪಿಹೋಗುತ್ತದೆ ಎಂದುಕೊಂಡಿದ್ದೆ. ಚಂದಯ್ಯನವರ ಕಥೆಯಲ್ಲಿ ಹಿಂಬಾಲಿಸಿ ಬರುವವನು ದೇವರು. ಕೈ ಬಿಟ್ಟರೂ ಬಿಡದವನು ಆತನೇ.

ಶರಣರು ಲಿಂಗವನ್ನು ಇಷ್ಟಲಿಂಗ, ಪ್ರಾಣಲಿಂಗ, ಭಾವಲಿಂಗ ಎಂದು ಮೂರು ನೆಲೆಗಳಲ್ಲಿ ಕಂಡಿದ್ದಾರೆ. ದೇಹದ ಮೇಲಿರುವುದು ಇಷ್ಟ, ಉಸಿರಿನಲ್ಲಿರುವುದು ಪ್ರಾಣ, ಉಸಿರಿಗೂ ಹಿಂದಿನ ಅರಿವಿನಲ್ಲಿರುವುದು ಭಾವ. ಬಾಲ್ಯದಿಂದ ಬಾಯಿಪಾಠವಾಗಿದ್ದ ಈ ಮಾತನ್ನು ನಾನು ನಂಬಿದ್ದೆ, ಆದರೆ ಅದರ ಮೇಲೆ ಭಾರ ಹಾಕಿ ನಿಂತು ನೋಡಿರಲಿಲ್ಲ. ಅರಿವಳಿಕೆ ಕೊಡುವ ವೈದ್ಯರು ಮುಖವಾಡವಿಟ್ಟು ಉಸಿರನ್ನು ಒಳಗೆಳೆದುಕೊಳ್ಳಿ ಎಂದಾಗ ನಾನು ಒಳಗೊಳಗೇ ‘ನಮಃ ಶಿವಾಯ’ ಎಂದುಕೊಂಡೆ. ಇನ್ನು ಕೆಲವು ಕ್ಷಣಗಳಲ್ಲಿ ನನ್ನ ನೆನಪೂ ನನ್ನ ವಶದಲ್ಲಿರುವುದಿಲ್ಲ, ನೆನೆಯುವುದಕ್ಕೂ ಆಗುವುದಿಲ್ಲ ಎಂಬುದು ಸ್ಪಷ್ಟವಿತ್ತು. ನಾನು ನೆನೆಯದ ಹೊತ್ತಿನಲ್ಲಿಯೂ ಆತ ಇರುತ್ತಾನೆಯೇ ಎಂಬ ಪ್ರಶ್ನೆಗೆ ಇರುತ್ತಾನೆ ಎಂಬ ಉತ್ತರ ಎಂದೂ ಇಲ್ಲದಷ್ಟು ಗಟ್ಟಿಯಾಗಿ ಒಳಗಿನಿಂದ ಬಂದಿತು. ಭಯ ಹೋಗಿರಲಿಲ್ಲ. ಭಯದ ಕೆಳಗೆ ಅಲುಗದ ಒಂದು ನೆಲ ಇತ್ತು, ಅಷ್ಟೇ.

ಇಲ್ಲಿ ಒಂದು ಮಾತನ್ನು ಎಚ್ಚರದಿಂದ ಹೇಳಬೇಕು. ದೇವರು ಜೊತೆಗಿದ್ದರೆ ಕೆಟ್ಟದ್ದು ಆಗುವುದಿಲ್ಲ ಎಂದು ಭರವಸೆ ಕೊಡುವವರನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ನಮ್ಮ ಪರಂಪರೆಯೇ ಅದಕ್ಕೆ ಸಾಕ್ಷಿ ಹೇಳುವುದಿಲ್ಲ. ಕಲ್ಯಾಣದಲ್ಲಿ ಚಮ್ಮಾರ ಕುಲದಿಂದ ಬಂದ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಕುಲದಿಂದ ಬಂದ ಮಧುವರಸರ ಮಗಳಿಗೂ ಮದುವೆಯಾದದ್ದನ್ನು ಸಹಿಸದವರ ಒತ್ತಾಯಕ್ಕೆ ಮಣಿದು ಅರಸ ಬಿಜ್ಜಳನು ಆ ಇಬ್ಬರು ತಂದೆಯರಿಗೆ ಆನೆಯ ಕಾಲಿಗೆ ಕಟ್ಟಿ ಎಳೆಸುವ ಎಳೆಹೂಟೆಯ ಶಿಕ್ಷೆ ವಿಧಿಸಿದನೆಂದು ನಾವು ಕೇಳುತ್ತ ಬಂದಿದ್ದೇವೆ. ಅವರ ಕೊರಳಲ್ಲಿಯೂ ಲಿಂಗವಿತ್ತು. ಅದರ ನಂತರ ಶರಣರು ದಿಕ್ಕಿಗೊಬ್ಬರಾಗಿ ಚದುರಿದರು. ಚೆನ್ನಬಸವಣ್ಣನವರು ವಚನದ ಕಟ್ಟುಗಳನ್ನು ಉಳಿಸಿಕೊಂಡ ಶರಣರೊಡನೆ ಸಹ್ಯಾದ್ರಿಯ ಕಾಡು ಹೊಕ್ಕು ಉಳವಿಯನ್ನು ಸೇರಿದರು. ಮನೆ, ಊರು, ಮಹಾಮನೆ, ಅನುಭವ ಮಂಟಪ ಎಲ್ಲವನ್ನೂ ಬಿಟ್ಟು ಹೊರಟವರು ಒಯ್ಯಲು ಸಾಧ್ಯವಾದ ದೇವರನ್ನು ಮಾತ್ರ ಒಯ್ದರು. ಅವರ ಸಮಾಧಾನ ಸುರಕ್ಷತೆಯಿಂದ ಬಂದದ್ದಾಗಿದ್ದರೆ ಕಲ್ಯಾಣದ ಅಗಸೆ ದಾಟುವುದರೊಳಗೆ ಅದು ಮುಗಿದುಹೋಗಬೇಕಿತ್ತು, ಇಂದು ನಮ್ಮ ಕೈಗೆ ಒಂದು ವಚನವೂ ಬಂದು ಸೇರುತ್ತಿರಲಿಲ್ಲ.

ಆದ್ದರಿಂದಲೇ ಮನೆಯಲ್ಲಿ ಸಾವಾದವರ ಎದುರು, ಮಗುವಿನ ಕಾಯಿಲೆಯಿಂದ ಬೆಂದವರ ಎದುರು ‘ಎಲ್ಲಾ ಒಳ್ಳೆಯದಕ್ಕೇ’ ಎಂದು ಹೇಳುವುದನ್ನು ನಾನು ಬಿಟ್ಟಿದ್ದೇನೆ. ಆ ಮಾತಿನಲ್ಲಿ ದೇವರನ್ನು ಸಮರ್ಥಿಸುವ ಅವಸರವಿದೆ, ಅವನಿಗೆ ನಮ್ಮ ಸಮರ್ಥನೆ ಬೇಕಿಲ್ಲ. ಅವರ ಹತ್ತಿರ ಸುಮ್ಮನೆ ಕೂರುವುದು, ರಾತ್ರಿ ಉಳಿಯಬೇಕಾದರೆ ಉಳಿಯುವುದು, ಅನ್ನ ಮಾಡಿಕೊಡುವುದು ಇವು ಹೆಚ್ಚು ಉಪಯೋಗಕ್ಕೆ ಬರುತ್ತವೆ. ಜಂಗಮವನ್ನು, ಎಂದರೆ ಮನುಷ್ಯರೂಪದಲ್ಲಿ ನಡೆದಾಡುವ ದೇವರನ್ನು, ಲಿಂಗದಷ್ಟೇ ದೊಡ್ಡದೆಂದು ಶರಣರು ಹೇಳಿದ್ದರಲ್ಲಿ ಇದೂ ಸೇರಿದೆಯೆಂದು ನನಗೆ ಅನಿಸುತ್ತದೆ. ಆಸ್ಪತ್ರೆಯ ಮೊದಲ ರಾತ್ರಿ ನೋವಿನಿಂದ ನಿದ್ರೆ ಬಾರದಿದ್ದಾಗ ದೇವರ ಸಾನ್ನಿಧ್ಯ ನನಗೆ ತಂಗಿಯ ರೂಪದಲ್ಲಿಯೇ ತಿಳಿದದ್ದು. ಆಕೆ ಕುರ್ಚಿಯ ಮೇಲೆ ಕುಳಿತೇ ಬೆಳಗು ಮಾಡಿದಳು.

ಪರೀಕ್ಷೆಯ ವರದಿ ಸಮಾಧಾನಕರವಾಗಿಯೇ ಬಂದಿತು. ಬೇರೆ ರೀತಿಯಲ್ಲಿ ಬಂದಿದ್ದರೂ ಈ ಬರಹವನ್ನು ಹೀಗೆಯೇ ಬರೆಯುತ್ತಿದ್ದೆನೇ ಎಂದು ನನ್ನನ್ನೇ ಕೇಳಿಕೊಂಡಿದ್ದೇನೆ. ಬರೆಯುತ್ತಿದ್ದೆ, ಬಹುಶಃ ಇನ್ನಷ್ಟು ಕಣ್ಣೀರಿನೊಂದಿಗೆ ಬರೆಯುತ್ತಿದ್ದೆ. ವೈದ್ಯರು ಆಗಾಗ ಬಂದು ತಪಾಸಣೆ ಮಾಡಿಸಿಕೊಳ್ಳಲು ಹೇಳಿದ್ದಾರೆ, ಪ್ರತಿ ಸಲವೂ ಸ್ಕ್ಯಾನಿಂಗ್‌ಗೆ ಮುಂಚೆ ಕರಡಿಗೆಯನ್ನು ತೆಗೆದುಕೊಡಬೇಕಾಗುತ್ತದೆ. ಈಗ ಅದನ್ನು ತೆಗೆಯುವಾಗ ಮೊದಲಿನ ಸಂಕಟವಿಲ್ಲ. ಗುಣವಾಗಿಯೇ ಇರಲಿ, ಮಕ್ಕಳು ದೊಡ್ಡವರಾಗುವುದನ್ನು ನೋಡುವಷ್ಟು ಆಯುಷ್ಯ ಸಿಗಲಿ ಎಂದು ಬೇಡಿಕೊಳ್ಳುವುದಕ್ಕೆ ನನಗೆ ಯಾವ ಸಂಕೋಚವೂ ಇಲ್ಲ, ದಿನವೂ ಅಂಗೈಯ ಮೇಲಿನ ಲಿಂಗವನ್ನು ನೋಡುತ್ತ ಅದನ್ನು ಬೇಡಿಕೊಳ್ಳುತ್ತೇನೆ. ಸಿಗದಿದ್ದರೆ ಬಿಟ್ಟುಹೋಗುತ್ತೇನೆ ಎಂಬ ಮಾತು ಮಾತ್ರ ನಮ್ಮಿಬ್ಬರಲ್ಲಿ ಯಾರ ಕಡೆಯಿಂದಲೂ ಇಲ್ಲ.