ಐತವಾರ ಅಂಗಡಿ ಇಲ್ಲದ ಊರಿನಲ್ಲಿ

ನಮ್ಮ ಕಲಬುರಗಿಯಲ್ಲಿ ಯಾರೇ ಎದುರು ಸಿಗಲಿ, ಮೊದಲ ಪ್ರಶ್ನೆ ‘ಆರಾಮ ಅದೀರೇನ್ರಿ?’ ಮನೆಯಲ್ಲಿ ಏನೇ ನಡೆದಿರಲಿ, ಉತ್ತರ ಮಾತ್ರ ‘ಆರಾಮ’. ಬೆಂಗಳೂರಿನಲ್ಲಿ ಕೆಲಸಕ್ಕಿದ್ದಷ್ಟು ವರ್ಷ ನಾನೂ ಹಾಗೇ ಸುಳ್ಳು ಹೇಳಿದೆ. ದಿನಕ್ಕೆ ಮೂರು ತಾಸು ರಸ್ತೆಯಲ್ಲೇ ಹೋಗುತ್ತಿತ್ತು. ರಾತ್ರಿ ಹನ್ನೊಂದಕ್ಕೂ ಆಫೀಸಿನ ಫೋನು. ಜರ್ಮನಿಯ ಲೈಪ್‌ಜಿಗ್‌ನಲ್ಲಿ ಕೆಲಸ ಸಿಕ್ಕಾಗ ಎಲ್ಲರೂ ಕೇಳಿದ್ದು ರೊಕ್ಕದ ವಿಷಯ. ರೊಕ್ಕಕ್ಕಲ್ಲ, ಸ್ವಲ್ಪ ಆರಾಮಾಗಿ ಇರೋಣ ಅಂತ ಹೊರಟಿದ್ದೇನೆ ಅಂದೆ. ಕಾಕಾ ನಕ್ಕ. ‘ಆರಾಮ ಬೇಕಂದ್ರ ಊರಿಗಿ ಬಾ. ಅಷ್ಟು ದೂರ ಯಾಕ ಹೋಗ್ತಿ?’

ಬ್ಯಾಗಿನಲ್ಲಿ 23 ಕಿಲೋ. ಅದರಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ತೊಗರಿಬೇಳೆ, ಮತ್ತೆ ನಾಲ್ಕು ಕಾದಂಬರಿ. 2020ರ ಫೆಬ್ರವರಿಯಲ್ಲಿ ನಮ್ಮ ಊರಿನಲ್ಲಿ ಸಾಹಿತ್ಯ ಸಮ್ಮೇಳನ ಆಯಿತಲ್ಲ, ಆಗ ಪುಸ್ತಕದ ಮಳಿಗೆಯಲ್ಲಿ ಹುಮ್ಮಸ್ಸಿನಿಂದ ಕೊಂಡವು. ಬೆಂಗಳೂರಿನಲ್ಲಿ ಅವುಗಳ ಕವರ್ ಕೂಡ ಬಿಚ್ಚಿರಲಿಲ್ಲ.

ಬಂದ ಮೊದಲ ಐತವಾರ ಚೀಲ ಹಿಡಿದು ಹಾಲು, ತರಕಾರಿ ತರಲು ಹೊರಟೆ. ಒಂದು ಅಂಗಡಿ ಮುಚ್ಚಿತ್ತು. ಎರಡನೆಯದೂ ಮುಚ್ಚಿತ್ತು. ಯಾರೋ ತೀರಿಕೊಂಡಿರಬೇಕು, ಊರೆಲ್ಲ ಬಂದ್ ಅಂದುಕೊಂಡೆ. ಇಲ್ಲಿ ಐತವಾರ ಅಂಗಡಿ ತೆರೆಯುವಂತಿಲ್ಲ, ಅದು ಕಾನೂನು. ದೊಡ್ಡ ರೈಲು ನಿಲ್ದಾಣದೊಳಗೆ ಕೆಲವು ತೆರೆದಿರುತ್ತವೆ ಅಂತ ಗೊತ್ತಾಗಿದ್ದು ಆಮೇಲೆ. ಅವತ್ತು ರೊಟ್ಟಿ ಮುರಿದು, ಹಿಂಡಿಗೆ ಎಣ್ಣೆ ಕಲಸಿಕೊಂಡು ತಿಂದೆ. ಮನೆಗೆ ಇಂಟರ್ನೆಟ್ ಇನ್ನೂ ಬಂದಿರಲಿಲ್ಲ. ಬೇರೆ ದಾರಿಯಿಲ್ಲದೆ ಪುಸ್ತಕ ತೆಗೆದೆ.

ಆ ಇಂಟರ್ನೆಟ್ ಬರಲು ಆರು ವಾರ ಬೇಕಾಯಿತು. ಆರಾಮದ ಜೀವನ ಹುಡುಕಿಕೊಂಡು ಬರುವವರಿಗೆ ಯಾರೂ ಹೇಳದ ಮಾತು ಇದೇ. ಆರಾಮ ನಿಮಗೊಬ್ಬರಿಗೇ ಅಲ್ಲ. ವೈರ್ ಎಳೆಯಲು ಬರಬೇಕಾದವನಿಗೂ ಉಂಟು, ನಿಮ್ಮ ಕಾಗದಕ್ಕೆ ಠಸ್ಸೆ ಹೊಡೆಯಬೇಕಾದವಳಿಗೂ ಉಂಟು. ವಾರಕ್ಕೆ ಐದು ದಿನ ದುಡಿಯುವವರಿಗೆ ವರ್ಷಕ್ಕೆ ಕನಿಷ್ಠ 20 ದಿನ ಸಂಬಳದ ರಜೆ ಕೊಡಲೇಬೇಕು. ನಮ್ಮಲ್ಲಿ 28. ಒಮ್ಮೆ ರಜೆಯಲ್ಲಿದ್ದ ಸಹೋದ್ಯೋಗಿಗೆ ಅರ್ಜೆಂಟ್ ಅಂತ ಮೇಲ್ ಕಳಿಸಿದೆ. ಮೂರು ವಾರದ ಮೇಲೆ ಉತ್ತರ ಬಂತು: ‘ರಜೆ ಚೆನ್ನಾಗಿತ್ತು. ಈಗ ಹೇಳು.’ ಅಷ್ಟರಲ್ಲಿ ಆ ಅರ್ಜೆಂಟ್ ಏನಿತ್ತು ಅಂತ ನನಗೇ ಮರೆತಿತ್ತು.

ಇನ್ನು ಪುಸ್ತಕ. ಊರು ಬಿಟ್ಟು ಬರುವವರು ಯಾವುದು ತರಲಿ ಅಂತ ಕೇಳುತ್ತಿರುತ್ತೀರಿ.

ಓದುವ ರೂಢಿ ತಪ್ಪಿದ್ದರೆ ತೇಜಸ್ವಿಯವರ ‘ಕರ್ವಾಲೊ’ದಿಂದ ಶುರು ಮಾಡಿ. ತೆಳ್ಳಗಿದೆ, ನಗಿಸುತ್ತದೆ, ಹಾರುವ ಓತಿಯ ಹಿಂದೆ ನಿಮ್ಮನ್ನೂ ಎಳೆದುಕೊಂಡು ಹೋಗುತ್ತದೆ. ನನಗೆ ಎರಡು ದಿನ ಸಾಕಾಯಿತು.

ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಹಾಗಲ್ಲ. 1967ರ ಈ ಕಾದಂಬರಿಯನ್ನು ಕಾಲೇಜಿನಲ್ಲಿದ್ದಾಗ ಎರಡು ಸಲ ಹಿಡಿದು ಬಿಟ್ಟಿದ್ದೆ. ನನ್ನ ತಪ್ಪೇನಿಲ್ಲ ಬಿಡಿ. 43 ಡಿಗ್ರಿ ಬಿಸಿಲಿನಲ್ಲಿ, ಕರೆಂಟ್ ಹೋದ ಮಧ್ಯಾಹ್ನ, ಫ್ಯಾನ್ ಕಡೆ ನೋಡುತ್ತಾ ಕೂತವನಿಗೆ ಆ ಮಳೆ, ಆ ಜಿಗಣೆ, ಆ ಕಾಡಿನ ಹಾದಿ ಹೇಗೆ ಅರ್ಥವಾಗಬೇಕು? ಇಲ್ಲಿ ನವೆಂಬರ್ ಬಂತು. ಆಕಾಶ ಬೂದಿ ಬಳಿದಂತೆ. ದಿನವಿಡೀ ಜಿಟಿಜಿಟಿ, ಸಂಜೆ ನಾಲ್ಕೂವರೆಗೇ ಕತ್ತಲೆ. ಆಗ ಗುತ್ತಿ ತನ್ನ ನಾಯಿ ಹುಲಿಯನ ಜೊತೆ ನಡೆಯತೊಡಗಿದ, ನಾನೂ ಹಿಂದೆ ಹೋದೆ. ಅದರಲ್ಲಿ ಇವನೇ ನಾಯಕ ಅಂತ ಒಬ್ಬನಿಲ್ಲ, ಎಲ್ಲಿಗೋ ತಲುಪುವ ಗಡಿಬಿಡಿಯೂ ಇಲ್ಲ. ವಾರಕ್ಕೆ ನಲವತ್ತು ಪುಟದಂತೆ ಚಳಿಗಾಲ ಪೂರ್ತಿ ಓದಿದೆ. ಒಂದೇ ಪುಸ್ತಕ ತರುವುದಾದರೆ ಇದನ್ನೇ ತನ್ನಿ. ದಪ್ಪ ಇದೆ, ತೂಕವೂ ಜಾಸ್ತಿ. ಎರಡು ಜೊತೆ ಬಟ್ಟೆ ಕಮ್ಮಿ ಮಾಡಿ.

ಗೀತಾ ನಾಗಭೂಷಣ ಅವರ ‘ಬದುಕು’ ನಮ್ಮ ಮನೆಯ ಪುಸ್ತಕ. 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಇದಕ್ಕೇ. ಇದನ್ನು ಮನಸ್ಸಿನಲ್ಲಿ ಓದಬೇಡಿ, ಬಾಯಿಬಿಟ್ಟು ಓದಿ. ನಾನು ಅಡುಗೆಮನೆಯಲ್ಲಿ ನಿಂತು ಜೋರಾಗಿ ಓದುತ್ತೇನೆ. ನಮ್ಮ ಕಡೆಯ ಬೈಗುಳ, ನಮ್ಮ ಕಡೆಯ ರಾಗ, ದುಡಿದು ದುಡಿದು ಸೋತ ಹೆಣ್ಣುಮಕ್ಕಳ ಸಿಟ್ಟು. ಆರಾಮ ಅನ್ನುವುದು ನಮ್ಮೂರಲ್ಲಿ ಯಾರಿಗೆ ಇತ್ತು, ಯಾರಿಗೆ ಇರಲಿಲ್ಲ ಅಂತ ತಿಳಿಯಬೇಕಾದರೆ ಇದನ್ನೇ ಓದಬೇಕು. ಕಾಕಾನ ಮಾತಿಗೆ ನನ್ನ ಹತ್ತಿರ ಇರುವ ಉತ್ತರವೂ ಇದೇ.

ಕಾರಂತರ ‘ಬೆಟ್ಟದ ಜೀವ’ವನ್ನು ಮೊದಲ ಆರು ತಿಂಗಳು ಮುಟ್ಟಬೇಡಿ. ಮನೆ ಬಿಟ್ಟು ಹೋದ ಮಗ, ಕಾಡಿನ ನಡುವೆ ಅವನ ದಾರಿ ಕಾಯುವ ಮುದುಕ ಮುದುಕಿ. ನಾನು ಮುಟ್ಟಿದೆ. ರಾತ್ರಿ ಹನ್ನೊಂದಕ್ಕೆ ಪುಸ್ತಕ ಮುಚ್ಚಿ ಊರಿಗೆ ಫೋನ್ ಹಚ್ಚಿದೆ. ಅಲ್ಲಿ ಬೆಳಗಿನ ಜಾವ ಮೂರೂವರೆ! ಅವ್ವ ಗಾಬರಿಯಾದಳು.

ಈಗ ಅವ್ವನಿಗೆ ಐತವಾರವೇ ಫೋನ್ ಮಾಡುವುದು. ‘ಏನ್ ಮಾಡ್ಲಕತ್ತಿ?’ ಅಂತ ಕೇಳುತ್ತಾಳೆ. ‘ಓದ್ಲಕತ್ತೀನವ್ವ’ ಅಂದರೆ, ‘ಮತ್ತ್ಯಾವ್ ಪರೀಕ್ಷಾ ಅದ?’ ಅನ್ನುತ್ತಾಳೆ.

ಪುಸ್ತಕಕ್ಕೆ ಒಂದು ಹಲಗೆ ಬೇಕಲ್ಲ. ಅದನ್ನು ಹಾಕಲು ಐತವಾರ ಮಧ್ಯಾಹ್ನ ಗೋಡೆಗೆ ಡ್ರಿಲ್ ಇಟ್ಟೆ. ಎರಡೇ ನಿಮಿಷದಲ್ಲಿ ಕೆಳಗಿನ ಮನೆಯ ಅಜ್ಜಿ ಬಾಗಿಲು ಬಡಿದರು. ಐತವಾರ ಸದ್ದು ಮಾಡುವಂತಿಲ್ಲ. ಬೈಯಲಿಲ್ಲ, ನಾಳೆ ಮಾಡು ಅಂದರು. ಮುಂದಿನ ವಾರ ತಮ್ಮ ತೋಟಕ್ಕೆ ಕರೆದುಕೊಂಡು ಹೋದರು. ಊರಿನ ಅಂಚಿನಲ್ಲಿ ಸಾಲಾಗಿ ಪುಟ್ಟ ಪುಟ್ಟ ತೋಟ, ಒಂದೊಂದರಲ್ಲೂ ಒಂದು ಗುಡಿಸಲು, ಎರಡು ಕುರ್ಚಿ. ಅಲ್ಲೂ ನಿಯಮ: ಮೂರರಲ್ಲಿ ಒಂದು ಪಾಲು ಜಾಗದಲ್ಲಿ ಹಣ್ಣು, ತರಕಾರಿ ಬೆಳೆಯಲೇಬೇಕು. ನನಗೂ ಒಂದು ಮೂಲೆ ಕೊಟ್ಟರು. ಪುಂಡಿ ಬೀಜ ಹಾಕಿದೆ. ಗೇಣುದ್ದ ಬಂತು. ಎರಡು ಸಲ ಪಲ್ಯ ಆಯಿತು. ಅಷ್ಟರಲ್ಲಿ ಚಳಿ ಬಿದ್ದು ಕಪ್ಪಾಯಿತು.

ಮುಂದಿನ ತಿಂಗಳು ಗೆಳೆಯನೊಬ್ಬ ಊರಿನಿಂದ ಬರುತ್ತಿದ್ದಾನೆ. ಅವನ ಬ್ಯಾಗಿನಲ್ಲಿ ನನಗೆ ಮೂರು ಕಿಲೋ ಜಾಗ. ‘ರೊಟ್ಟಿ ಕಳಸ್ಲೋ, ಪುಸ್ತಕ ಕಳಸ್ಲೋ?’ ಅಂತ ಅವ್ವ ಕೇಳಿದ್ದಾಳೆ. ನಾನಿನ್ನೂ ಹೇಳಿಲ್ಲ.