ಗಿಣ್ಣು ಕುಡಿದ ಮರಿ, ಕುಡಿಯದ ಮರಿ

ಹಂದಿ ಫಾರಂನಲ್ಲಿ ಮರಿ ಹಾಕುವ ಕೊಠಡಿಯ ಉಸ್ತುವಾರಿ ನನ್ನದು. ಹೊಸದಾಗಿ ಕೆಲಸಕ್ಕೆ ಸೇರಿದವರು ಮೊದಲು ಎಣಿಸುವುದು ಎಷ್ಟು ಮರಿ ಹುಟ್ಟಿದವು ಅಂತ. ಎಷ್ಟು ಮರಿ ಹೊಟ್ಟೆ ತುಂಬ ಗಿಣ್ಣು ಕುಡಿದವು ಅಂತ ಎಣಿಸಿ ಎಂದು ನಾನು ಅವರಿಗೆ ಹೇಳುತ್ತೇನೆ. ಮರಿಯ ಮುಂದಿನ ಎರಡು ತಿಂಗಳ ಆರೋಗ್ಯ ಬಹುಪಾಲು ಅಲ್ಲೇ ತೀರ್ಮಾನವಾಗುತ್ತದೆ.

ಮನುಷ್ಯರಲ್ಲಿ ಮಗು ಗರ್ಭದಲ್ಲಿರುವಾಗಲೇ ತಾಯಿಯ ಪ್ರತಿಕಾಯಗಳು (ರೋಗಾಣುಗಳನ್ನು ತಡೆಯುವ ಪ್ರೋಟೀನುಗಳು) ಮಾಸನ್ನು ದಾಟಿ ಅದರ ರಕ್ತ ಸೇರುತ್ತವೆ. ಹಂದಿಯಲ್ಲಿ ಹಾಗಾಗುವುದಿಲ್ಲ. ತಾಯಿಯ ರಕ್ತಕ್ಕೂ ಮರಿಯ ರಕ್ತಕ್ಕೂ ನಡುವೆ ಆರು ಪದರಗಳಿರುತ್ತವೆ, ಪ್ರತಿಕಾಯ ಅವನ್ನು ದಾಟುವುದಿಲ್ಲ. ಹೀಗಾಗಿ ಹುಟ್ಟಿದ ಗಳಿಗೆಯಲ್ಲಿ ಮರಿಯ ರಕ್ತದಲ್ಲಿ ಪ್ರತಿಕಾಯ ಇಲ್ಲವೆನ್ನುವಷ್ಟು ಕಡಿಮೆ. ಬರುವುದೆಲ್ಲ ಗಿಣ್ಣಿನಿಂದಲೇ ಬರಬೇಕು.

ಅದಕ್ಕೂ ಕಾಲಮಿತಿ ಇದೆ. ಮರಿಯ ಕರುಳು ಪ್ರತಿಕಾಯವನ್ನು ಒಡೆಯದೆ ಇಡಿಯಾಗಿ ರಕ್ತಕ್ಕೆ ಬಿಡುವುದು ಮೊದಲ 24ರಿಂದ 36 ಗಂಟೆ ಮಾತ್ರ, ಆಮೇಲೆ ಆ ದಾರಿ ಮುಚ್ಚುತ್ತದೆ. ಇನ್ನೊಂದು ಕಡೆ, ಮೊದಲ ಮರಿ ಹುಟ್ಟಿದ ಹೊತ್ತಿನಿಂದಲೇ ಗಿಣ್ಣಿನಲ್ಲಿ ಐಜಿಜಿ ಎಂಬ ಮುಖ್ಯ ಪ್ರತಿಕಾಯದ ಪ್ರಮಾಣ ಇಳಿಯತೊಡಗಿ, ಒಂದು ದಿನ ಕಳೆಯುವಷ್ಟರಲ್ಲಿ ಅರ್ಧಕ್ಕಿಂತ ಎಷ್ಟೋ ಕೆಳಗೆ ಹೋಗಿರುತ್ತದೆ. ಈಯುವುದು ಗಂಟೆಗಟ್ಟಲೆ ಎಳೆದರೆ ಕೊನೆಯ ಮರಿಗಳು ಮೊಲೆ ಹುಡುಕುವ ಹೊತ್ತಿಗೆ ಅಣ್ಣತಮ್ಮಂದಿರು ಒಳ್ಳೆಯ ಭಾಗವನ್ನು ಕುಡಿದು ಮುಗಿಸಿರುತ್ತಾರೆ. ಅವು ಸಣ್ಣವೂ ಆಗಿದ್ದರೆ ಕಷ್ಟ ಇಮ್ಮಡಿ.

ಆದ್ದರಿಂದ ನಮ್ಮ ಕೈಕೆಲಸ ಇಷ್ಟು. ಹುಟ್ಟಿದ ಮರಿಯನ್ನು ಒರೆಸಿ ಒಣಗಿಸುತ್ತೇವೆ, ಸುಮಾರು 34 ಡಿಗ್ರಿ ಶಾಖ ಸಿಗುವಂತೆ ಬಲ್ಬ್ ಇಡುತ್ತೇವೆ. ಚಳಿ ಹಿಡಿದ ಮರಿಗೆ ಚೀಪುವ ಶಕ್ತಿಯೇ ಇರುವುದಿಲ್ಲ. ಮೊದಲು ಹುಟ್ಟಿ ಹೊಟ್ಟೆ ತುಂಬಿಸಿಕೊಂಡವಕ್ಕೆ ಬೆನ್ನ ಮೇಲೆ ಬಣ್ಣದ ಗುರುತು ಹಾಕಿ, ಒಂದು ಗಂಟೆ ಬೆಚ್ಚಗಿನ ಪೆಟ್ಟಿಗೆಯಲ್ಲಿ ಕೂಡುತ್ತೇವೆ. ಆ ಒಂದು ಗಂಟೆ ಮೊಲೆಗಳೆಲ್ಲ ಸಣ್ಣವಕ್ಕೇ ಸೇರಿದ್ದು. ಒಂದು ಮರಿಗೆ ಕಡಿಮೆಯೆಂದರೂ 200 ಗ್ರಾಂ ಗಿಣ್ಣು ಬೇಕು. ಅದನ್ನು ಅಳೆಯಲು ಆಗದು, ಆದರೆ ಮರಿಯನ್ನು ತೂಗಬಹುದು. ಮೊದಲ 24 ಗಂಟೆಯಲ್ಲಿ ತೂಕ ಏರದ ಮರಿಯ ಮೇಲೆ ನನ್ನ ಕಣ್ಣು ಇದ್ದೇ ಇರುತ್ತದೆ.

ಮರಿ ಹೆಚ್ಚಾದಾಗ ಬೇರೆ ತಾಯಿಗೆ ಬಿಡುವುದುಂಟು. ಅದಕ್ಕೆ ಆತುರ ಬೇಡ. ಗಿಣ್ಣಿನಲ್ಲಿ ತಾಯಿಯ ಬಿಳಿ ರಕ್ತಕಣಗಳೂ ಇರುತ್ತವೆ, ಅವು ಮರಿಯ ಮೈ ಸೇರುವುದು ಸ್ವಂತ ತಾಯಿಯದ್ದಾದರೆ ಮಾತ್ರ. ಮೊದಲ 12 ಗಂಟೆ ಹೆತ್ತವಳ ಬಳಿ ಇರಲಿ, ಆಮೇಲೆ ಸಾಗಿಸೋಣ. ಈಯುವ ಮೊದಲು ತಾಯಿಗೆ ಹಾಕುವ ಇ. ಕೋಲಿ (ಮರಿಗಳಿಗೆ ಭೇದಿ ತರುವ ಬ್ಯಾಕ್ಟೀರಿಯಾ) ಲಸಿಕೆಯ ರಕ್ಷಣೆಯೂ ಮರಿಗೆ ತಲುಪುವುದು ಗಿಣ್ಣು ಮತ್ತು ಹಾಲಿನ ಮೂಲಕವೇ. ಮರಿ ಕುಡಿಯದಿದ್ದರೆ ಲಸಿಕೆಯ ದುಡ್ಡು ದಂಡ.

ಗಿಣ್ಣು ಮುಗಿದ ಮೇಲೆ ಹಾಲಿನಲ್ಲಿ ಐಜಿಎ ಎಂಬ ಇನ್ನೊಂದು ಬಗೆಯ ಪ್ರತಿಕಾಯ ಬರುತ್ತದೆ. ಅದು ರಕ್ತಕ್ಕೆ ಹೋಗದೆ ಕರುಳಿನ ಒಳಮೈಯನ್ನು ಪ್ರತಿ ಗುಟುಕಿನಲ್ಲೂ ಕಾಯುತ್ತದೆ.

ಈ ನಡುವೆ ಮರಿಯ ಸ್ವಂತ ಶಕ್ತಿ ನಿಧಾನವಾಗಿ ಬೆಳೆಯುತ್ತಿರುತ್ತದೆ. ಹುಟ್ಟುವಾಗ ಕರುಳಿನಲ್ಲಿ ರಕ್ಷಕ ಕಣಗಳು ತೀರಾ ವಿರಳ. ಎರಡರಿಂದ ನಾಲ್ಕನೇ ವಾರದೊಳಗೆ ಸಹಾಯಕ ಟಿ ಕಣಗಳು (ಉಳಿದ ರಕ್ಷಕ ಕಣಗಳಿಗೆ ನೆರವಾಗುವ ಬಿಳಿ ರಕ್ತಕಣಗಳು) ನೆಲೆಯೂರುತ್ತವೆ, ಸೋಂಕಿತ ಕಣಗಳನ್ನು ಕೊಲ್ಲುವ ಟಿ ಕಣಗಳು ಹೆಚ್ಚಾಗಿ ಐದನೇ ವಾರದ ನಂತರವೇ. ದೊಡ್ಡ ಹಂದಿಯ ಕರುಳಿನ ಸ್ವರೂಪ ಬರಲು ಸುಮಾರು ಏಳು ವಾರ ಬೇಕು. ನಾವು ಹಾಲು ಬಿಡಿಸುವುದೋ ಮೂರು ಅಥವಾ ನಾಲ್ಕನೇ ವಾರಕ್ಕೆ! ತಾಯಿಯಿಂದ ಎರವಲು ಬಂದದ್ದು ಕರಗುತ್ತಿರುವಾಗ, ತನ್ನದು ಇನ್ನೂ ಬಲಿಯದಿರುವಾಗ, ಐಜಿಎ ಒಂದೇ ದಿನಕ್ಕೆ ನಿಲ್ಲುತ್ತದೆ. ಅದೇ ದಿನ ಹೊಸ ಜಾಗ, ಹೊಸ ಮೇವು, ಗುರುತಿಲ್ಲದ ಮರಿಗಳ ಜೊತೆ ಕಾದಾಟ. ಮರಿ ಒಂದೆರಡು ದಿನ ತಿನ್ನುವುದನ್ನೇ ಬಿಡುತ್ತದೆ, ಕರುಳಿನ ಒಳಮೈಯಲ್ಲಿ ಆಹಾರ ಹೀರುವ ಸಣ್ಣ ಎಳೆಗಳು ಗಿಡ್ಡವಾಗುತ್ತವೆ, ಭೇದಿ ಶುರುವಾಗುತ್ತದೆ.

21ನೇ ದಿನಕ್ಕೆ ಬಿಡಿಸಿದರೆ ತಾಯಿ ಬೇಗ ಮತ್ತೆ ಗಬ್ಬವಾಗುತ್ತಾಳೆ ಎಂಬ ಲೆಕ್ಕ ನನಗೂ ಗೊತ್ತು. ಆದರೂ ನಾನು 28 ದಿನದ ಪರ. ಆ ಒಂದು ವಾರದಲ್ಲಿ ಮರಿಯ ಕರುಳು ಕಲಿಯುವುದು ಬಹಳ. ಹಾಲು ಕುಡಿಯುವಾಗಲೇ ಒಣ ಮೇವಿನ ರುಚಿ ಹತ್ತಿಸಿರಬೇಕು, ಒಂದೇ ಸೂಲಿನ ಮರಿಗಳನ್ನು ಆದಷ್ಟೂ ಒಟ್ಟಿಗೇ ಇಡಬೇಕು.

ಯಾವ ಕಾಯಿಲೆಯೂ ಇಲ್ಲದೆ ಎಳೆ ಮರಿಗಳಿಗೆಲ್ಲ ಆಂಟಿಬಯೋಟಿಕ್ ಚುಚ್ಚುವ ರೂಢಿಯನ್ನು ನಾನು ಖಂಡಿತ ಒಪ್ಪುವುದಿಲ್ಲ. ಸೂಕ್ಷ್ಮಜೀವಿಗಳೇ ಇಲ್ಲದ ಪರಿಸರದಲ್ಲಿ ಬೆಳೆಸಿದ ಮರಿಗಳಲ್ಲಿ ರೋಗನಿರೋಧಕ ವ್ಯವಸ್ಥೆ ಸರಿಯಾಗಿ ಬೆಳೆಯುವುದಿಲ್ಲ. ಕರುಳಿಗೆ ಒಳ್ಳೆಯ ಸೂಕ್ಷ್ಮಜೀವಿಗಳ ಒಡನಾಟ ಬೇಕು. ಮರಿಗಳ ಲಸಿಕೆಯ ದಿನವನ್ನೂ ಪಶುವೈದ್ಯರೊಡನೆ ಕೂತು ಗೊತ್ತು ಮಾಡಬೇಕು. ತಾಯಿಯ ಪ್ರತಿಕಾಯ ಮರಿಯ ರಕ್ತದಲ್ಲಿ ಇನ್ನೂ ಹೆಚ್ಚಿರುವಾಗ ಹಾಕಿದರೆ ಅದೇ ಲಸಿಕೆಗೆ ಅಡ್ಡಬರುತ್ತದೆ, ತೀರಾ ತಡಮಾಡಿದರೆ ರೋಗ ಮೊದಲು ಬಂದಿರುತ್ತದೆ.