ಹಳೇ ರೇಡಿಯೋದ ಸ್ಪೀಕರ್ ಬಿಸಾಡಬೇಡಿ

ಚಿಕ್ಕಮಗಳೂರು ಕಡೆಯ ಒಂದು ಹಳೇ ಮನೆಯಿಂದ ನನ್ನ ಕೈಗೆ 1930ರ ದಶಕದ ಅಮೆರಿಕನ್ ವಾಲ್ವ್ ರೇಡಿಯೋ ಒಂದು ಬಂತು (ವಾಲ್ವ್ ಅಂದರೆ ಟ್ರಾನ್ಸಿಸ್ಟರ್ ಬರುವ ಮೊದಲು ಅದರ ಕೆಲಸ ಮಾಡುತ್ತಿದ್ದ, ಬಲ್ಬಿನ ಹಾಗೆ ಒಳಗೆ ತಂತಿ ಕಾಯುವ ಭಾಗ). ಹಾಕಿದರೆ ಸ್ಟೇಷನ್ ಸಿಗುತ್ತದೆ, ಮಾತೂ ಕೇಳುತ್ತದೆ, ಆದರೆ ಎಲ್ಲದರ ಅಡಿಯಲ್ಲಿ ಜೇನುಗೂಡಿಗೆ ಕಿವಿ ಇಟ್ಟ ಹಾಗೆ ಒಂದೇ ಸಮನೆ ಗುಂಯ್. ಹಿಂದಿನ ಹಲಗೆ ಬಿಚ್ಚಿದೆ. ಯಾವ ಕಾಲದಲ್ಲೋ ಯಾರೋ ರಿಪೇರಿಯವರು ಮೂಲ ಸ್ಪೀಕರ್ ತೆಗೆದು, ಈಗಿನಂಥ ಮ್ಯಾಗ್ನೆಟ್ ಸ್ಪೀಕರ್ ಕೂರಿಸಿದ್ದರು. ಮಿಕ್ಕ ಎರಡು ವಯರುಗಳನ್ನು ಒಂದಕ್ಕೊಂದು ತಿರುಚಿ ಟೇಪ್ ಸುತ್ತಿದ್ದರು. ತಪ್ಪಾಗಿದ್ದು ಅಲ್ಲೇ.

ಆ ಎರಡು ವಯರು ಯಾಕಿದ್ದವು ಅಂತ ತಿಳಿಯೋಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

1920ರ ಆಸುಪಾಸಿನಲ್ಲಿ ಮನೆ ರೇಡಿಯೋ ನಡೆಯುತ್ತಿದ್ದದ್ದೇ ಬ್ಯಾಟರಿಯಲ್ಲಿ. ವಾಲ್ವಿನ ತಂತಿ ಕಾಯಿಸೋಕೆ 6 ವೋಲ್ಟಿನ ಆಸಿಡ್ ಬ್ಯಾಟರಿ, ಹೆಚ್ಚಿನ ವೋಲ್ಟೇಜಿಗೆ 45 ವೋಲ್ಟಿನ ಒಣ ಬ್ಯಾಟರಿಗಳ ಸಾಲು. ಕೇಳೋದು ಹೆಡ್‌ಫೋನಿನಲ್ಲಿ. ಮನೆಮಂದಿಯೆಲ್ಲ ಕೇಳಬೇಕು ಅಂದರೆ ಕೊಂಬಿನ ಸ್ಪೀಕರ್, ಅಂದರೆ ಹೆಚ್ಚುಕಡಿಮೆ ಅದೇ ಹೆಡ್‌ಫೋನಿನ ಬಿಲ್ಲೆಗೆ ಬಾಗಿದ ಕೊಂಬು ಸಿಕ್ಕಿಸಿದ್ದು. ಅದರಲ್ಲಿ ತಗ್ಗಿನ ಸ್ವರ ಬರುತ್ತಲೇ ಇರಲಿಲ್ಲ. ಮೃದಂಗ ನುಡಿಸಿದ್ದರೆ ಬಲಗಡೆಯ ಪೆಟ್ಟು ಕೇಳಿ, ಎಡಗಡೆಯ ಗುಮ್ಕಿ ಪೂರ್ತಿ ಮಾಯವಾಗುತ್ತಿತ್ತು.

ಗೋಡೆಯ ಕರೆಂಟನ್ನೇ ರೇಡಿಯೋಗೆ ಕೊಡಬಹುದಲ್ವಾ? ಕೊಟ್ಟರೆ ಗುಂಯ್. ಎಸಿ ಕರೆಂಟ್ ಸೆಕೆಂಡಿಗೆ ಹತ್ತಾರು ಸಲ ಹಿಂದೆ ಮುಂದೆ ಹೋಗುವುದರಿಂದ ಅದರಿಂದ ಕಾಯುವ ತಂತಿಯೂ ಆ ತಾಳಕ್ಕೇ ಕುಣಿದು, ಹಾಡಿನ ಜೊತೆಗೆ ಅದನ್ನೂ ಬೆರೆಸಿಬಿಡುತ್ತದೆ. ಇದರ ಹಿಂದೆ ಬಿದ್ದವರಲ್ಲಿ ಟೊರಾಂಟೊದ ಟೆಡ್ ರೋಜರ್ಸ್ ನನಗೆ ತುಂಬಾ ಇಷ್ಟ. ಅಮೆರಿಕದ ಮೆಕಲಾ ಎಂಬವರು ಮಾಡಿದ್ದ ಎಸಿ ವಾಲ್ವಿನ ಕೆನಡಾ ಹಕ್ಕನ್ನು 1924ರಲ್ಲಿ ಕೊಂಡು, ಅದನ್ನು ತಿದ್ದಿತೀಡಿ, 1925ರ ಆಗಸ್ಟಿನಲ್ಲಿ ಟೊರಾಂಟೊದ ದೊಡ್ಡ ವಸ್ತುಪ್ರದರ್ಶನದಲ್ಲಿ ಬ್ಯಾಟರಿಯೇ ಇಲ್ಲದ ರೇಡಿಯೋ ತಂದಿಟ್ಟರು. ಆಗ ಅವರಿಗೆ 25 ವರ್ಷ. ಉಪಾಯ ಇಷ್ಟು: ಎಸಿ ಹರಿಯುವ ತಂತಿ ಬರೀ ಒಲೆಯ ಕೆಲಸ ಮಾಡಲಿ, ಎಲೆಕ್ಟ್ರಾನ್ ಕೊಡುವ ಕೆಲಸ ಅದರ ಸುತ್ತ ಇರುವ ಪುಟ್ಟ ಕೊಳವೆಗೆ ಇರಲಿ. ಕೊಳವೆ ನಿಧಾನವಾಗಿ ಕಾದು, ಕಾದಂತೆಯೇ ಇರುತ್ತದೆ. ಒಲೆ ಕ್ಷಣ ಹೊತ್ತು ತಗ್ಗಿದರೂ ಕಾವಲಿ ಆರುವುದಿಲ್ಲವಲ್ಲ, ಹಾಗೆ. ಅದೂ ಆಗಿನ ಟೊರಾಂಟೊದಲ್ಲಿದ್ದದ್ದು 25 ಸೈಕಲ್ಲಿನ ಕರೆಂಟು, ಅಂದರೆ ಸೆಕೆಂಡಿಗೆ 25 ಸಲ ಹಿಂದೆ ಮುಂದೆ ಹೋಗುವಂಥದ್ದು, ನಮ್ಮ ಮನೆಗಳಿಗೆ ಬರುವ 50ರ ಅರ್ಧ. ತಾಳ ನಿಧಾನವಾದಷ್ಟೂ ನಡುವೆ ಆರೋಕೆ ಹೊತ್ತು ಜಾಸ್ತಿ. ಅಂಥದ್ದರಲ್ಲಿ ಇದನ್ನು ಸಾಧಿಸಿದ್ದು ಸಣ್ಣ ಮಾತಲ್ಲ.

ಅದೇ 1925ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಕೊಂಬಿಲ್ಲದ ಸ್ಪೀಕರ್ ಬಗ್ಗೆ ತಮ್ಮ ಲೇಖನ ಹೊರತಂದರು. (ನಮ್ಮ ಶಿವನಸಮುದ್ರಕ್ಕೆ 1902ರಲ್ಲಿ ಜನರೇಟರ್ ಕೊಟ್ಟ ಕಂಪನಿಯೇ ಇದು.) ಕಾಗದದ ಕೋನು, ಅದರ ತುದಿಗೆ ತಂತಿಯ ಸುರುಳಿ, ಸುರುಳಿಯ ಸುತ್ತ ಮ್ಯಾಗ್ನೆಟ್. ಇವತ್ತು ನಿಮ್ಮ ಟಿವಿಯೊಳಗೆ ಇರುವುದೂ ಅದೇ ಏರ್ಪಾಡು. ಮರುವರ್ಷ ಆಂಪ್ಲಿಫೈಯರ್ ಸಮೇತ ಪೆಟ್ಟಿಗೆಯಲ್ಲಿ ಕೂರಿಸಿ, ಗೋಡೆಗೆ ಪ್ಲಗ್ ಹಾಕುವ ರೇಡಿಯೋಲಾ 104 ಅಂತ ಮಾರಿದರು. ಬೆಲೆ 250 ಡಾಲರ್!

ಈಗ ನೋಡಿ ತೊಡಕು. ಕೊಂಬಿನಲ್ಲಿ ತಗ್ಗಿನ ಸ್ವರ ಬರದ ಕಾರಣ ಗುಂಯ್ ಸದ್ದೂ ಅಷ್ಟಾಗಿ ಕೇಳುತ್ತಿರಲಿಲ್ಲ. ಹೊಸ ಸ್ಪೀಕರಿನಲ್ಲಿ ಗುಮ್ಕಿಯೂ ಬಂತು, ಅದರ ಜೊತೆ ಗುಂಯ್ ಕೂಡ ಬಂತು. ಸ್ಪೀಕರ್ ಚೆನ್ನಾಗಿದ್ದಷ್ಟೂ ಕರೆಂಟಿನ ಕೊಳೆ ಜಾಸ್ತಿ ಕೇಳುತ್ತದೆ.

ಇದಕ್ಕೆ ಅವರು ಕಂಡುಕೊಂಡ ದಾರಿ ನನಗೆ ಇವತ್ತಿಗೂ ಆಶ್ಚರ್ಯ. ಆ ಕಾಲದ ಕಾಯಂ ಮ್ಯಾಗ್ನೆಟ್‌ಗಳಿಗೆ ಶಕ್ತಿ ಸಾಲದು. ಅದಕ್ಕೇ ಕಬ್ಬಿಣದ ಕುಡಿಕೆಯೊಳಗೆ ಸಾವಿರಾರು ಸುತ್ತು ತಾಮ್ರದ ತಂತಿ ಸುತ್ತಿ, ಡಿಸಿ (ಒಂದೇ ದಿಕ್ಕಿಗೆ ಹರಿಯುವ ಕರೆಂಟು) ಹರಿಸಿ ಮ್ಯಾಗ್ನೆಟ್ ಮಾಡುತ್ತಿದ್ದರು. ಇದು ಫೀಲ್ಡ್ ಕಾಯಿಲ್. ಇನ್ನೊಂದು ಕಡೆ, ಎಸಿಯನ್ನು ಡಿಸಿ ಮಾಡಿದ ಮೇಲೂ ಉಳಿಯುವ ಏರಿಳಿತ ತಗ್ಗಿಸೋಕೆ ಒಂದು ಚೋಕ್ ಬೇಕು. ಚೋಕ್ ಅಂದರೇನು? ಕಬ್ಬಿಣಕ್ಕೆ ಸುತ್ತಿದ ತಂತಿ ತಾನೆ! ಹಾಗಾಗಿ ಇಡೀ ರೇಡಿಯೋದ ಕರೆಂಟನ್ನು ಸ್ಪೀಕರಿನ ಕಾಯಿಲ್ ಮೂಲಕವೇ ಹಾಯಿಸಿದರು. ಗುಂಯ್ ಕೇಳಿಸುವ ಸ್ಪೀಕರೇ ಗುಂಯ್ ಸೋಸುವ ಜಾಲರಿಯೂ ಆಯಿತು. ಅಷ್ಟಾಗಿಯೂ ಮಿಕ್ಕಿದ್ದಕ್ಕೆ, ಕೋನಿನ ಸುರುಳಿಯ ಜೊತೆ ನಾಲ್ಕಾರು ಸುತ್ತಿನ ಇನ್ನೊಂದು ಕಾಯಿಲನ್ನು ಉಲ್ಟಾ ದಿಕ್ಕಿನಲ್ಲಿ ಸೇರಿಸಿ ಅದನ್ನೂ ಅಡಗಿಸುತ್ತಿದ್ದರು.

ನನ್ನ ರೇಡಿಯೋದಲ್ಲಿ ತಿರುಚಿಟ್ಟಿದ್ದ ವಯರು ಈ ಫೀಲ್ಡ್ ಕಾಯಿಲಿನದು. ಸೋಸುವ ಜಾಲರಿಯನ್ನೇ ಕಿತ್ತು ಬಿಸಾಡಿದ ಹಾಗಾಗಿತ್ತು.

ಅದೃಷ್ಟಕ್ಕೆ ಮೂಲ ಸ್ಪೀಕರ್ ಅದೇ ಮನೆಯ ಅಟ್ಟದಲ್ಲಿ ಸಿಕ್ಕಿತು. ಕೋನು ಗಟ್ಟಿಯಾಗಿತ್ತು, ಕಾಯಿಲ್ ಮಾತ್ರ ಒಳಗೆಲ್ಲೋ ತುಂಡಾಗಿತ್ತು. ಪೆಟ್ಟಿಗೆಯೊಳಗೆ ಅಂಟಿಸಿದ್ದ ಚೀಟಿಯಲ್ಲಿ 1800 ಓಮ್ ಅಂತಿತ್ತು. ಪಂಪ್‌ಸೆಟ್ ಮೋಟಾರ್ ವೈಂಡಿಂಗ್ ಮಾಡುವ ಅಂಗಡಿಗೆ ಒಯ್ದೆ. ಅಲ್ಲಿನ ಹಿರಿಯರು ಹಳೇ ತಂತಿಯನ್ನು ಉಗುರಿನಲ್ಲಿ ಗೀರಿ, ಗೇಜ್ ಹಿಡಿದು ನೋಡಿ, "ಕೂದಲಿನಂಥ ತಂತಿ ಸಾರ್, ಎರಡು ದಿನ ಕೊಡಿ" ಅಂದರು. ಎರಡು ದಿನಕ್ಕೆ ಕೊಟ್ಟರು.

ಜೋಡಿಸಿ ಸ್ವಿಚ್ ಹಾಕುವ ಮೊದಲು ಸ್ಕ್ರೂಡ್ರೈವರ್ ತುದಿಯನ್ನು ಸ್ಪೀಕರಿನ ಕುಡಿಕೆಗೆ ತಾಗಿಸಿದೆ. ಸತ್ತ ಕಬ್ಬಿಣ, ಜಾರಿತು. ಸ್ವಿಚ್ ಹಾಕಿದೆ. (ಒಳಗೆ 300 ವೋಲ್ಟ್ ಇರುತ್ತದೆ, ಗೊತ್ತಿಲ್ಲದವರು ಸುಮ್ನೆ ಕೈ ಹಾಕಬೇಡಿ.) ವಾಲ್ವುಗಳು ಒಂದೊಂದಾಗಿ ಕೆಂಪಗಾದವು. ಸ್ವಲ್ಪ ಹೊತ್ತಿಗೆ ಸ್ಕ್ರೂಡ್ರೈವರನ್ನು ಯಾರೋ ಒಳಗಿಂದ ಮೆಲ್ಲಗೆ ಹಿಡಿದುಕೊಂಡ ಹಾಗಾಯಿತು. ಆಮೇಲೆ ಮೀಡಿಯಂ ವೇವಿನಲ್ಲಿ ಕನ್ನಡ ವಾರ್ತೆ ಬಂತು, ಓದುವವರು ಉಸಿರು ತೆಗೆದುಕೊಳ್ಳೋದೂ ಕೇಳುತ್ತಿತ್ತು.